ಮಂಗಳ ಹಾಡುವವರೆಗೆ

ಮದ್ದೂರು
೯ ಜನವರಿ ೧೯೭೩

ಚಿರಂಜೀವಿ ಕಸ್ತೂರಿರಂಗನಿಗೆ ಅಕ್ಕನ ಆಶೀರ್ವಾದ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವುದು ನಿನ್ನ ಕಾಗದದ ಗತ್ತು ನೋಡಿದರೇ ಗೊತ್ತಾಗುತ್ತದೆ.

ಮಳವಳ್ಳಿಯ ಮುದ್ರೆ, ಮೇಲೆ ನಿನ್ನ ಅಕ್ಷರ. ಯಾರೋ ಹೋಗಿಬಿಟ್ಟರು ಅಂದುಕೊಂಡೇ ಒಡೆದೆ. ಒಳಗೆ ನೋಡಿದರೆ ಡ್ರೆಸ್ಸಿನ ಆರ್ಡರು. ನಿನ್ನ ಭಾವ ತೀರಿಕೊಂಡ ಮೇಲೂ ನಾನು ಅಂಗಡಿ ಮುಚ್ಚದೆ ನಾಟಕದವರ ಬೆವರಿನ ಬಟ್ಟೆ ಒಗೆದು ಬಾಡಿಗೆಗೆ ಕೊಡುತ್ತೇನೆ ಅಂತ ತಾನೇ ನೀನು ಇತ್ತ ತಲೆ ಹಾಕದೆ ಹೋದದ್ದು? ಅಯ್ಯಂಗಾರರ ಮನೆಯ ಹೆಂಗಸಿಗೆ ಮೀಸೆ ಗಡ್ಡದ ವ್ಯಾಪಾರ ಯಾಕೆ ಅಂದಿದ್ದೆ. ಈಗ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ತಾವೇ ನಾಟಕ ಬರೆದಿದ್ದಾರೆ, ಬೇರೆ ಗ್ರಹದಿಂದ ಬಂದವನಿಗೆ ಕವಚ ಬೇಕು, ಅಕ್ಕನ ನೆನಪಾಯಿತು. ಇರಲಿ. ಸಿಟ್ಟಿದೆ, ಆದರೆ ಕಾಗದ ಬಂದದ್ದಕ್ಕೆ ಆದ ಸಂತೋಷ ಅದಕ್ಕಿಂತ ಜಾಸ್ತಿ. ಬರೆಯದೆ ಮುಚ್ಚಿಡುವಂಥದ್ದಲ್ಲ ಅದು.

ಒಂದು ಮಾತು. ನಮ್ಮಂಗಡಿಯ ರಾಜರ ಕವಚವೆಲ್ಲ ಮುಂದೆ ಮಾತ್ರ. ಎದೆಗೆ ರಟ್ಟು, ಅದರ ಮೇಲೆ ಬೇಗಡೆ, ಬೆನ್ನಿಗೆ ಬರೀ ಲಾಡಿ. ಬೆನ್ನು ಪೂರ್ತಿ ಗಾಳಿಗೆ ಬಿಟ್ಟದ್ದು. ಜನ ನೋಡುವುದು ಮುಂದಿನದನ್ನು ತಾನೇ. ನೀನು ಕೇಳುತ್ತಿರುವುದು ತಲೆಯಿಂದ ಕಾಲಿನವರೆಗೆ ಸುತ್ತಲೂ ಮುಚ್ಚಿದ್ದು. ಇಂಥದ್ದನ್ನು ನಾನು ಮಾಡಿಲ್ಲ. ಮಾಡಿ ನೋಡುತ್ತೇನೆ.

ಹಾಕಿಕೊಳ್ಳುವವನು ಎತ್ತರದ ಆಳಾಗಿರಬೇಕು, ಮುಸುಕಿನೊಳಗಿನಿಂದಲೂ ಮಾತು ಕೇಳಬೇಕು ಅಂದೆಯಲ್ಲ, ಹನಕೆರೆಯ ಪುಟ್ಟಸ್ವಾಮಿಯನ್ನು ಕೇಳು. ಬೇಸಾಯದ ಮನುಷ್ಯ. ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಅಂದರೆ ಈ ಕಡೆಯವರೆಲ್ಲ ಅವನನ್ನೇ ಕರೆಯುತ್ತಾರೆ. ನನ್ನ ಹೆಸರು ಹೇಳಿದರೆ ಇಲ್ಲವೆನ್ನುವುದಿಲ್ಲ.

ಇತಿ, ನಿನ್ನ ಅಕ್ಕ
ಚೂಡಾಮಣಿ


ಮಳವಳ್ಳಿ
೨೦ ಜನವರಿ ೧೯೭೩

ಮಾತೃಸಮಾನಳಾದ ಅಕ್ಕನಿಗೆ ಕಸ್ತೂರಿರಂಗನ ನಮಸ್ಕಾರಗಳು.

ನೀನು ಬೈದದ್ದೆಲ್ಲ ನ್ಯಾಯವೇ. ಎದುರಿಗೆ ಬಂದಾಗ ಉಳಿದದ್ದನ್ನೂ ಬೈಯುವಿಯಂತೆ. ಪುಟ್ಟಸ್ವಾಮಿ ಒಪ್ಪಿಕೊಂಡಿದ್ದಾನೆ. ಅಳತೆ ಕೊಡಲು ನಿನ್ನಲ್ಲಿಗೇ ಬರುತ್ತಾನೆ.

ಕವಚದ ಚಿತ್ರವನ್ನು ನಾನೇ ಅಳತೆಯಿಟ್ಟು ಬರೆದು ಇದರೊಂದಿಗೆ ಕಳಿಸಿದ್ದೇನೆ. ದಯವಿಟ್ಟು ಅದರಂತೆಯೇ ಆಗಲಿ. ಭುಜಕ್ಕೆ ಹೂವು, ತಲೆಗೆ ಗರಿ, ಇಂಥ ಅಲಂಕಾರ ಯಾವುದೂ ಬೇಡ. ಜನ ಈಗ ಚಂದ್ರನ ಮೇಲೆ ನಡೆದವರ ಫೋಟೋಗಳನ್ನು ಪೇಪರಿನಲ್ಲಿ ನೋಡಿದ್ದಾರೆ. ಸುಳ್ಳು ವೇಷ ತಂದು ನಿಲ್ಲಿಸಿದರೆ ನಮ್ಮ ಹುಡುಗರೇ ನಗುತ್ತಾರೆ.

ಮುಖ್ಯವಾದ ಮಾತು, ಎಲ್ಲೂ ತೂತು ಕಾಣಕೂಡದು. ನನ್ನ ಗ್ರಹದವನಿಗೆ ನಮ್ಮ ಗಾಳಿ ವಿಷ. ಅದು ಒಳಗೆ ಹೋದರೆ ಆ ಕ್ಷಣವೇ ಸಾಯುತ್ತಾನೆ. ನಾಟಕದ ಜೀವಾಳವೇ ಅದು. ಕೊನೆಯ ಅಂಕ ಪೂರ್ತಿ ಅವನು ಕದಲದೆ ನಿಂತಿರುತ್ತಾನೆ, ಊರಿನವರು ಇವನನ್ನು ಇಟ್ಟುಕೊಳ್ಳುವುದೋ ಕೊಲ್ಲುವುದೋ ಅಂತ ಸುತ್ತ ವಾದ ಮಾಡುತ್ತಿರುತ್ತಾರೆ. ಆ ನಿಲುವನ್ನು ನೋಡಿಯೇ ಜನಕ್ಕೆ ಮೈ ಜುಮ್ಮೆನ್ನಬೇಕು.

ಇಂತು ನಿನ್ನ ತಮ್ಮ
ಕಸ್ತೂರಿರಂಗ


ಮದ್ದೂರು
೧೪ ಫೆಬ್ರವರಿ ೧೯೭೩

ಚಿ. ರಂಗನಿಗೆ ಆಶೀರ್ವಾದ.

ಕವಚ ಮುಗಿಯುತ್ತ ಬಂತು. ಇಷ್ಟು ವರ್ಷದಲ್ಲಿ ನನ್ನ ಕೈ ಇಷ್ಟು ಇಷ್ಟಪಟ್ಟು ಮಾಡಿದ ಕೆಲಸ ಬೇರೆಯಿಲ್ಲ ಅಂತಲೇ ಹೇಳುತ್ತೇನೆ, ನೀನು ಉಬ್ಬಬೇಡ.

ತಲೆಗೆ ದೊಡ್ಡ ಮಡಕೆಯೊಂದನ್ನು ಬೋರಲು ಹಾಕಿ, ಹಳೇ ಪೇಪರು, ಮೈದಾ ಗೋಂದು ಪದರ ಪದರವಾಗಿ ಹಚ್ಚಿ, ಒಣಗಿದ ಮೇಲೆ ಒಳಗಿನ ಮಡಕೆಯನ್ನು ಒಡೆದು ತೆಗೆದೆ. ಮುಖದ ಮುಂದೆ ಗಾಜು ಹಾಕು ಅಂತ ಬರೆದಿದ್ದೆ. ಗಾಜು ಭಾರ, ಒಡೆದರೆ ಕಣ್ಣು ಹೋಗುತ್ತದೆ. ಆಸ್ಪತ್ರೆಯ ಕಾಂಪೌಂಡರು ಬೇಡದ ಎಕ್ಸರೇ ಫಿಲಂ ಒಂದನ್ನು ಕೊಟ್ಟರು. ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದೆ. ಯಾರದೋ ಪಕ್ಕೆಲುಬುಗಳು ಒಂದೊಂದೇ ಅಳಿಸಿಹೋಗಿ ತಿಳಿನೀಲಿ ಹಾಳೆ ಉಳಿಯಿತು. ಪುಣ್ಯಾತ್ಮ ಬದುಕಿದ್ದಾನೋ ಇಲ್ಲವೋ ಅಂತ ಆಮೇಲೆ ಯೋಚನೆಯಾಯಿತು, ಕಾಂಪೌಂಡರನ್ನು ಕೇಳಲು ಮನಸ್ಸು ಬರಲಿಲ್ಲ.

ಮೈಗೆ ರಟ್ಟು, ಮೇಲೆ ರೆಕ್ಸಿನ್, ಅದರ ಮೇಲೆ ಬೆಳ್ಳಿ ಬಣ್ಣ. ಮಡಿಸುವ ಕಡೆಯೆಲ್ಲ ಸೈಕಲ್ ಟ್ಯೂಬು ಕತ್ತರಿಸಿ ಹೊಲಿದಿದ್ದೇನೆ. ಹೆಗಲಿಗೆ ಬೂರುಗದ ಹತ್ತಿಯ ದಿಂಬು. ಮೊದಲ ಸಲ ತೊಟ್ಟಾಗ ಭಾರವೆಲ್ಲ ಹೆಗಲ ಮೇಲೆ ಕೂತು ಪುಟ್ಟಸ್ವಾಮಿ ಬಗ್ಗಿಹೋದ. ಅದಕ್ಕೇ ಎರಡು ಪಕ್ಕಕ್ಕೂ ಕಂಕುಳಿನಿಂದ ಹಿಮ್ಮಡಿಯವರೆಗೆ ಬಿದಿರ ದಬ್ಬೆ ಇಳಿಸಿದೆ, ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿದೆ. ಮಂಡಿಯ ಹತ್ತಿರ ಕೊಂಡಿಯಿದೆ. ನಡೆಯುವಾಗ ಬಿಚ್ಚಿಕೊಳ್ಳಬೇಕು, ನಿಂತಾಗ ಹಾಕಿಕೊಳ್ಳಬೇಕು. ಈಗ ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಮನುಷ್ಯ ಮೈ ಸಡಿಲ ಬಿಟ್ಟರೂ ಕವಚ ಅವನನ್ನು ಹಿಡಿದುಕೊಂಡಿರುತ್ತದೆ.

ಕೊಂಡಿ ಹಾಕಿಕೊಂಡು ನಿಂತವನು ಒಳಗಿನಿಂದಲೇ ನಕ್ಕ. "ಅಮ್ಮಾವ್ರೆ, ಮಂಚದ್ ಮ್ಯಾಲೆ ಮನೀಕಂಡಂಗದೆ. ನಿಂತ್ಕಂಡೇ ನಿದ್ದೆ ಮಾಡ್ಬೋದು ಬುಡಿ," ಅಂದ.

ಗಾಳಿಗೆ ಕತ್ತಿನ ಹತ್ತಿರ ಎರಡು ಸಣ್ಣ ತೂತು ಬಿಟ್ಟಿದ್ದೇನೆ, ಪಟ್ಟಿಯ ಮರೆಯಲ್ಲಿ. ನಿನ್ನ ಗ್ರಹದವನು ಸಾಯುವುದಿಲ್ಲ, ಹೆದರಬೇಡ.

ಇತಿ, ಅಕ್ಕ
ಚೂಡಾಮಣಿ


ಮಳವಳ್ಳಿ
೫ ಮಾರ್ಚ್ ೧೯೭೩

ಅಕ್ಕನಿಗೆ ನಮಸ್ಕಾರಗಳು.

ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕ ಆಯಿತು. ಪರದೆ ಎದ್ದು ನಿನ್ನ ಕವಚ ಕಂಡೊಡನೆ ಮುಂದೆ ಕೂತಿದ್ದ ಮಕ್ಕಳು ಎದ್ದು ಹಿಂದಕ್ಕೆ ಓಡಿದರು. ಇದಕ್ಕಿಂತ ಹೊಗಳಿಕೆ ಬೇಕೆ? ಮಂಡ್ಯದಿಂದ ಬಂದಿದ್ದ ಉತ್ಸವ ಸಮಿತಿಯವರು ಏಪ್ರಿಲ್‌ನಲ್ಲಿ ಅಲ್ಲೂ ಆಡಬೇಕೆಂದು ಕೇಳಿದ್ದಾರೆ. ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಾರಂತೆ.

ಆದರೆ ಪುಟ್ಟಸ್ವಾಮಿ ಕೊನೆಗೆ ಮಾನ ತೆಗೆದ. ವಾದ ಜೋರಾಗಿ ನಡೆಯುತ್ತಿರುವಾಗ ಎರಡು ಕೈಯಲ್ಲೂ ಶಿರಸ್ತ್ರಾಣ ಕಿತ್ತು ತೆಗೆದುಬಿಟ್ಟ. ಬೇರೆ ಗ್ರಹದವನ ಜಾಗದಲ್ಲಿ ಹನಕೆರೆಯ ಗೌಡರ ಮುಖ ನೋಡಿ ಸಭೆಯೆಲ್ಲ ಗೊಳ್ಳೆಂದಿತು. ಕಣ್ಣಿಗೆ ಕತ್ತಲೆ ಕಟ್ಟಿತು ಅಂತ ನೆಪ ಹೇಳಿದ. ಪೌರಾಣಿಕ ನಾಟಕವಾಗಿದ್ದರೆ ಹೀಗೆ ಮಾಡುತ್ತಿದ್ದನೇ? ನಿನ್ನ ಮಾತು ಕೇಳುತ್ತಾನೆ, ಸ್ವಲ್ಪ ಹೇಳು.

ಕಸ್ತೂರಿರಂಗ


ಮದ್ದೂರು
೧೩ ಮಾರ್ಚ್ ೧೯೭೩

ರಂಗ,

ನೇರವಾಗಿ ಕೇಳುತ್ತೇನೆ. ಶಿರಸ್ತ್ರಾಣ ತೆಗೆದ ಮೇಲೆ ಅವನು ಬಿದ್ದನೇ?

ನೀನು ಬರೆಯಲಿಲ್ಲ. ಅವನ ಹೆಂಡತಿ ಚಿಕ್ಕಬೋರಮ್ಮ ನಿನ್ನೆ ಸಂತೆಗೆ ಬಂದವಳು ಅಂಗಡಿಗೂ ಬಂದಿದ್ದಳು. "ಮಳವಳ್ಳಿಯಿಂದ ಎತ್ಕಂಡ್ ಬಂದ್ರು ಕಣ್ರವ್ವ. ಮೈ ಕಾದ ಎಂಚಂಗಿತ್ತು, ಒಂದ್ ಅನಿ ಬೆವ್ರಿಲ್ಲ. ಏನೇನೋ ಒದರೋರು, ನನ್ ಗುರ್ತೇ ಸಿಕ್ನಿಲ್ಲ," ಅಂದಳು. ಈಗ ಎದ್ದು ಓಡಾಡುತ್ತಿದ್ದಾನೆ, ಗದ್ದೆಗೂ ಹೋಗುತ್ತಿದ್ದಾನೆ. ಆದರೆ ಎತ್ತಿಕೊಂಡು ಬಂದರು ಅನ್ನುವುದು ನಿನ್ನ ಕಾಗದದಲ್ಲಿ ಎಲ್ಲಿದೆ? ಮಕ್ಕಳು ಓಡಿದ್ದನ್ನು ಬರೆಯಲು ಜಾಗವಿತ್ತು.

ಕವಚ ತಕ್ಷಣ ಕಳಿಸು. ಏಪ್ರಿಲ್ ಬಿಸಿಲು ಫೆಬ್ರವರಿಯದಲ್ಲ. ನಾನು ತೂತು ಮಾಡುತ್ತೇನೆ. ಆಗುವುದಿಲ್ಲ ಅಂದರೆ ನನ್ನ ಡ್ರೆಸ್ಸು ನನಗೆ ವಾಪಸು ಕೊಡು, ನಿನ್ನ ನಾಟಕ ನೀನು ಪಂಚೆ ಉಟ್ಟೇ ಆಡು.

ಚೂಡಾಮಣಿ


ಮಳವಳ್ಳಿ
೨೬ ಮಾರ್ಚ್ ೧೯೭೩

ಅಕ್ಕನಿಗೆ ನಮಸ್ಕಾರಗಳು.

ಕವಚವನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಪುಟ್ಟಸ್ವಾಮಿಯ ವಿಷಯ ಚಿಕ್ಕಬೋರಮ್ಮ ಸ್ವಲ್ಪ ದೊಡ್ಡದು ಮಾಡಿ ಹೇಳಿದ್ದಾಳೆ. ಬೆಳಗಿನಿಂದ ಊಟ ಮಾಡಿರಲಿಲ್ಲ, ಸುಸ್ತಾಗಿತ್ತು ಅಷ್ಟೇ. ಮಂಡ್ಯದ ದಿನ ಹೊಟ್ಟೆ ತುಂಬ ತಿನ್ನಿಸಿಯೇ ಸ್ಟೇಜು ಹತ್ತಿಸುತ್ತೇನೆ.

ಈ ನಾಟಕ ಅಲ್ಲಿ ಗೆದ್ದರೆ ನನ್ನನ್ನು ಬೆಂಗಳೂರಿಗೆ ಕರೆಸಿಕೊಳ್ಳುವ ಮಾತು ಬಂದಿದೆ. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಕರೆದವರಲ್ಲ ಅಂತ ನಿನಗೆ ಗೊತ್ತು. ಸ್ವಲ್ಪ ಸಹಕರಿಸು.

ಕಸ್ತೂರಿರಂಗ


ಮಳವಳ್ಳಿ
೧೯ ಏಪ್ರಿಲ್ ೧೯೭೩

ಅಕ್ಕನಿಗೆ ನಮಸ್ಕಾರಗಳು.

ಕವಚ ಬಂದು ಸೇರಿತು. ಕಂಕುಳಲ್ಲಿ, ಬೆನ್ನಿನಲ್ಲಿ, ತೊಡೆಯ ಸಂದಿಯಲ್ಲಿ ಇಷ್ಟೊಂದು ತೂತು ಮಾಡಿದ್ದೀಯ. ನೀನು ಬೇಜಾರು ಮಾಡಿಕೊಳ್ಳಕೂಡದು, ಇದನ್ನು ಹೇಳದೆ ಇರಲಾರೆ. ನಿನ್ನೆ ದೀಪ ಹಾಕಿಸಿ ನೋಡಿದೆ. ಹಿಂದಿನ ಬಲ್ಬಿನ ಬೆಳಕು ತೂತಿನಿಂದ ತೂರಿ ಒಳಗಿನ ಬನಿಯನ್ನೇ ಕಾಣಿಸುತ್ತದೆ. ಮುಂದಿನ ಸಾಲಿನಲ್ಲಿ ಇಂಜಿನಿಯರುಗಳು ಕೂತಿರುತ್ತಾರೆ. ನಮ್ಮ ಗಾಳಿ ವಿಷ ಅಂತ ಅವನ ಬಾಯಲ್ಲೇ ಹೇಳಿಸಿ, ಮೈತುಂಬ ತೂತು ತೋರಿಸಿದರೆ ಅವರು ಏನಂದಾರು?

ಸೈಕಲ್ ಶಾಪಿನಿಂದ ಪಂಕ್ಚರ್ ಹಾಕುವ ಸಲ್ಯೂಷನ್ ತರಿಸಿ, ರೆಕ್ಸಿನ್ ತುಂಡುಗಳಿಂದ ಎಲ್ಲವನ್ನೂ ಮುಚ್ಚಿದೆ. ಕತ್ತಿನ ಎರಡೂ ಸೇರಿ. ಈಗ ನನ್ನ ಚಿತ್ರದಲ್ಲಿದ್ದಂತೆಯೇ ಆಗಿದೆ. ಪುಟ್ಟಸ್ವಾಮಿಗೆ ಸೆಖೆಯಾದರೆ ಅಂಕದ ನಡುವೆ ಒಳಗೆ ಬಂದಾಗ ಬಿಚ್ಚಿ ಗಾಳಿ ಹಾಕಿಸಿಕೊಳ್ಳಲಿ. ಅವನೇನು ಮಗುವೇ?

ಇನ್ನೊಂದು ಬದಲಾವಣೆ. ಮಳವಳ್ಳಿಯಲ್ಲಿ ಹೆಡ್ಮಾಸ್ಟರ ಬಲವಂತಕ್ಕೆ ಕೊನೆಯಲ್ಲಿ ಮಂಗಳ ಹಾಡಿಸಿದ್ದೆ. ವಿಜ್ಞಾನದ ನಾಟಕಕ್ಕೆ ಮಂಗಳ ಯಾಕೆ? ಮಂಡ್ಯದಲ್ಲಿ ತೆಗೆದುಹಾಕಿದ್ದೇನೆ. ಅವನು ನಿಂತಿರುವಂತೆಯೇ ಪರದೆ ಬೀಳುತ್ತದೆ. ಮುಗಿಯಿತೋ ಇಲ್ಲವೋ ಅಂತ ಜನಕ್ಕೆ ದಿಗಿಲಾಗಬೇಕು.

ಶನಿವಾರ ಸಂಜೆ ಬಂದು ನೋಡು.

ಕಸ್ತೂರಿರಂಗ


ಮದ್ದೂರು
೨೦ ಏಪ್ರಿಲ್ ೧೯೭೩

ಚಿ. ರಂಗನಿಗೆ ಆಶೀರ್ವಾದ.

ಕವಚ ಸೇರಿತು ಅಂತ ನಿನ್ನಿಂದ ಒಂದು ಸಾಲೂ ಇಲ್ಲ. ಸೇರಿರಬೇಕು. ನಾಳೆ ನಾನು ಬರಲಾಗುವುದಿಲ್ಲ. ಯಲಿಯೂರಿನವರು ಡ್ರೆಸ್ಸು ಒಯ್ಯಲು ಬರುತ್ತಾರೆ, ಅಂಗಡಿ ಬಿಡುವ ಹಾಗಿಲ್ಲ. ನಿನ್ನ ನಾಟಕ ನೋಡಲು ಆಸೆಯಿತ್ತು, ನಿಜ ಹೇಳುತ್ತೇನೆ.

ಪುಟ್ಟಸ್ವಾಮಿಯ ಬಗ್ಗೆ ನೀನು ನಿಶ್ಚಿಂತೆಯಿಂದಿರು. ತೂತು ಮಾಡಿದ ಮೇಲೆ ಅವನನ್ನು ಕರೆಸಿ, ಕವಚ ತೊಡಿಸಿ ಹಿತ್ತಿಲ ಬಿಸಿಲಿನಲ್ಲಿ ನಿಲ್ಲಿಸಿದ್ದೆ. ನಿನ್ನ ಕೊನೆಯ ಅಂಕಕ್ಕಿಂತ ಹೆಚ್ಚು ಹೊತ್ತೇ ನಿಂತ. ಬಿಚ್ಚಿದಾಗ ಬೆವರು ಧಾರಾಕಾರ ಸುರಿಯುತ್ತಿತ್ತು, ಆದರೆ ಮುಖ ಗೆಲುವಾಗಿತ್ತು, ಎರಡು ಚೊಂಬು ಮಜ್ಜಿಗೆ ಕುಡಿದು ಮಾತಾಡುತ್ತ ಕೂತ. ಬೆವರಿದರೆ ಭಯವಿಲ್ಲ ಅಂತ ಕಾಂಪೌಂಡರೂ ಹೇಳಿದರು.

ಆಮೇಲೆ ಚೆನ್ನಾಗಿ ಬೈದೆ. ಲಾಡಿ ಕಟ್ಟಿಸಿಕೊಂಡವನು ಮಂಗಳಕ್ಕೆ ಮುಂಚೆ ಕಿರೀಟ ತೆಗೆಯುವುದು ಯಾವ ಪದ್ಧತಿ, ಇನ್ನೊಂದು ಸಲ ಹಾಗೆ ಮಾಡಿದರೆ ನನ್ನಂಗಡಿಯ ಡ್ರೆಸ್ಸು ನಿನ್ನ ಮೈಮೇಲೆ ಬೀಳುವುದಿಲ್ಲ ಅಂದೆ. ತಲೆ ತಗ್ಗಿಸಿಬಿಟ್ಟ. ಸಭೆ ನಕ್ಕದ್ದು ಅವನಿಗೂ ಚುಚ್ಚಿದೆ. ಎದ್ದು ಹೋಗಿ ಬಣ್ಣದ ಪೆಟ್ಟಿಗೆ ಮುಟ್ಟಿ, "ಮಂಗ್ಳ ಆಡಗಂಟ ಬಿಚ್ಚಕ್ಕಿಲ್ಲ ಅಮ್ಮಾವ್ರೆ. ಯಾರ್ ಯೋಳುದ್ರೂ ಬಿಚ್ಚಕ್ಕಿಲ್ಲ," ಅಂತ ಆಣೆ ಮಾಡಿದ. ಪೆಟ್ಟಿಗೆ ಮುಟ್ಟಿದ ಮೇಲೆ ಅವನು ತಪ್ಪುವವನಲ್ಲ. ಗಾಳಿ ಆಡುವಷ್ಟು ಕಾಲ ಅವನು ನಿಂತೇ ಇರುತ್ತಾನೆ.

ಚೆನ್ನಾಗಿ ನಡೆಯಲಿ. ನಿನಗೆ ಒಳ್ಳೆಯದಾಗಲಿ ಅಂತ ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ.

ಇತಿ, ಅಕ್ಕ
ಚೂಡಾಮಣಿ


ಮದ್ದೂರು
೨೩ ಏಪ್ರಿಲ್ ೧೯೭೩

ರಂಗ,

ಪುಟ್ಟಸ್ವಾಮಿ ಹೋದ ಸುದ್ದಿ ಯಲಿಯೂರಿನವರೇ ತಂದರು. ನಾನು ಹನಕೆರೆಗೆ ಹೋಗಿ ಮಣ್ಣು ಮುಗಿಸಿಕೊಂಡು ಬಂದೆ. ನೀನು ಅಲ್ಲಿರಲಿಲ್ಲ.

ವಾಪಸು ಬಂದು ಬಾಗಿಲು ತೆಗೆದರೆ ನಿನ್ನ ಹತ್ತೊಂಬತ್ತನೇ ತಾರೀಖಿನ ಕಾಗದ ಒಳಗೆ ಬಿದ್ದಿತ್ತು. ಓದಿದೆ. ಆಮೇಲೆ ನಾನು ಬರೆದದ್ದು ನೆನಪಾಯಿತು. ಅದು ನಿನಗೆ ಇವತ್ತು ಸಿಕ್ಕಿರಬೇಕು.

ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರಿ. ಯಾವುದನ್ನೂ ಬಿಡಬೇಡ. ಚಿಕ್ಕಬೋರಮ್ಮ ನನ್ನ ಸೆರಗು ಹಿಡಿದುಕೊಂಡು ಒಂದೇ ಮಾತು ಕೇಳುತ್ತಿದ್ದಳು. "ಆಟ ಮುಗೀತು ಅಂತಾರೆ. ಮುಗುದ್ ಮ್ಯಾಲೂ ಯಾಕ್ ಬಿಚ್ನಿಲ್ಲ ಅವ್ವಾರೆ?" ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಅರ್ಧ ಗೊತ್ತಾಗಿದೆ, ಉಳಿದರ್ಧ ನಿನ್ನ ಹತ್ತಿರ ಇದೆ.

ಚೂಡಾಮಣಿ


ಮಳವಳ್ಳಿ
೨೬ ಏಪ್ರಿಲ್ ೧೯೭೩

ಅಕ್ಕ,

ನಿನ್ನ ಎರಡು ಕಾಗದವೂ ಬಂದವು. ಮೊದಲನೆಯದನ್ನು ಓದಿದ ಮೇಲೆ ನಾನು ಶಾಲೆಗೆ ಹೋಗಿಲ್ಲ.

ಅಂಕದ ನಡುವೆ ಬಿಚ್ಚಿಕೋ ಅಂತ ನಾನು ಹೇಳಿದ್ದೆ. ಬೇಡ ಅಂತ ಕೈಯಾಡಿಸಿದ. ಗಟ್ಟಿ ಮನುಷ್ಯ, ಹಠ ಹಿಡಿದಿದ್ದಾನೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಕೊನೆಯ ಅಂಕದಲ್ಲಿ ಅವನಂತೆ ಯಾರೂ ನಿಂತದ್ದನ್ನು ನಾನು ನೋಡಿಲ್ಲ. ಒಂದು ಬೆರಳೂ ಕದಲಲಿಲ್ಲ. ಸಭೆಯಲ್ಲಿ ಉಸಿರು ಕೂಡ ಕೇಳಿಸುತ್ತಿರಲಿಲ್ಲ. ಪರದೆ ಬಿತ್ತು. ಅಧ್ಯಕ್ಷರು ಪರದೆಯ ಮುಂದಕ್ಕೆ ನನ್ನನ್ನು ಕರೆಸಿ ಹಾರ ಹಾಕಿದರು. ಭಾಷಣಗಳಾದವು. ನಾನೂ ಮಾತಾಡಿದೆ. ತುಂಬ ಹೊತ್ತೇ ಮಾತಾಡಿದೆ ಅಕ್ಕ, ಜನ ಕೇಳುತ್ತಿದ್ದರು.

ಹಿಂದಿನದನ್ನು ಆಮೇಲೆ ಮರಿಸಿದ್ದಯ್ಯ ಹೇಳಿದ. ನಾಟಕದಲ್ಲಿ ಪಟೇಲನ ಪಾರ್ಟು ಮಾಡಿದವನು. ಪರದೆ ಬಿದ್ದ ಕೂಡಲೇ, "ಬಾ ಪುಟ್ಟಸ್ವಾಮಣ್ಣ, ಮುಗೀತು," ಅಂತ ಬೆನ್ನಿನ ಗಂಟಿಗೆ ಕೈ ಹಾಕಿದನಂತೆ. ಪುಟ್ಟಸ್ವಾಮಿ ಆ ಕೈ ತಳ್ಳಿದನಂತೆ. "ಮಂಗ್ಳ ಆಗ್ಲಿ," ಅಂದನಂತೆ. ಹೊರಗೆ ನನ್ನ ಭಾಷಣ ನಡೆಯುತ್ತಿತ್ತು, ಅದಾದ ಮೇಲೆ ಹಾಡುತ್ತಾರೇನೋ ಅಂದುಕೊಂಡು ಮರಿಸಿದ್ದಯ್ಯ ಬಣ್ಣ ಒರೆಸಿಕೊಳ್ಳಲು ಹೋದ. ಮಂಗಳ ಇಲ್ಲ ಅಂತ ನಾನು ಹಾರ್ಮೋನಿಯಂನವನಿಗೆ ಹೇಳಿದ್ದೆ. ಪುಟ್ಟಸ್ವಾಮಿಗೆ ಹೇಳಿರಲಿಲ್ಲ. ಪ್ರಾಕ್ಟೀಸಿನಲ್ಲಿ ಅದನ್ನು ಹಾಡುವ ರೂಢಿಯೇ ಇಲ್ಲವಲ್ಲ.

ನಾನು ಹಾರದ ಸಮೇತ ಒಳಗೆ ಬಂದಾಗ ಅವನು ನಿಂತೇ ಇದ್ದ. ಸಾಕು ಬಾರಯ್ಯ, ಗೆದ್ದೆವು ಅಂತ ಭುಜ ತಟ್ಟಿದೆ. ಮಂಡಿಯ ಕೊಂಡಿಗಳು ಹಾಕಿದ್ದವು. ನಾವು ಬಿಚ್ಚುವವರೆಗೂ ಕವಚ ಅವನನ್ನು ಹಿಡಿದುಕೊಂಡೇ ಇತ್ತು.

ಡಾಕ್ಟರು ಬಂದಾಗ ಏನೂ ಉಳಿದಿರಲಿಲ್ಲ. ಕುಡಿದು ಬಂದಿದ್ದ, ಅದಕ್ಕೇ ಹೀಗಾಯಿತು ಅಂತ ಸಮಿತಿಯವರು ಪೊಲೀಸರಿಗೆ ಬರೆಸಿದ್ದಾರೆ. ಅವನು ಕುಡಿದಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನನ್ನ ಕೆಲಸ ಹೋಗುತ್ತದೆ ಅಕ್ಕ. ಈ ಕಾಗದವನ್ನು ಒಲೆಗೆ ಹಾಕು. ಚಿಕ್ಕಬೋರಮ್ಮನಿಗೆ ಏನಾದರೂ ಸಮಾಧಾನ ಹೇಳು. ನೀನು ಹೇಳಿದರೆ ನಂಬುತ್ತಾಳೆ.

ರಂಗ


ಮದ್ದೂರು
೨೮ ಏ‍ಪ್ರಿಲ್ ೧೯೭೩

ರಂಗ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಅದರಲ್ಲಿದ್ದದ್ದು ನಿನ್ನ ಬಾಯಿಂದ ಬರಬೇಕು, ಕಾಗದದಿಂದಲ್ಲ.

ಹನಕೆರೆಯಲ್ಲಿ ಕುಡಿತದ ಮಾತು ಆಗಲೇ ಹಬ್ಬಿದೆ. ಪಾರ್ಟು ಮಾಡುವ ದಿನ ಎಲೆಯಡಿಕೆ ಕೂಡ ಮುಟ್ಟದಿದ್ದ ಮನುಷ್ಯ. ಬಣ್ಣ ಹಚ್ಚಿಕೊಂಡು ಕುಡಿದವನು ಅಂತ ಅವನ ಜೊತೆ ಕುಣಿದವರೇ ಜಗಲಿಯ ಮೇಲೆ ಕೂತು ಆಡಿಕೊಳ್ಳುತ್ತಿದ್ದಾರೆ. ಚಿಕ್ಕಬೋರಮ್ಮ ಮನೆಯಿಂದ ಆಚೆ ಬರುತ್ತಿಲ್ಲ. ನಿನ್ನೆ ನನ್ನನ್ನು ಕಂಡು ಅಳಲೂ ಇಲ್ಲ. "ನೀವೇ ಯೋಳಿ, ಕುಡುದಿದ್ರಾ?" ಅಂತ ಒಂದೇ ಮಾತು ಕೇಳಿದಳು. ಇಲ್ಲ ಕಣಮ್ಮ ಅಂದೆ. ಹಂಗಾದ್ರೆ ಯಾಕೆ ಅಂತ ಮುಖ ನೋಡಿದಳು. ನನ್ನ ಪಾಲಿನದು ನಾಲಿಗೆಯ ತುದಿಗೆ ಬಂದಿತ್ತು, ನಿನ್ನ ಪಾಲಿನದಿಲ್ಲದೆ ಅದು ಪೂರ್ತಿಯಾಗುತ್ತಿರಲಿಲ್ಲ.

ನಿನ್ನ ಮೇಲೆ ನನಗಿರುವ ಸಿಟ್ಟು ಬರೆದು ಮುಗಿಯುವುದಲ್ಲ. ನನ್ನ ಮೇಲಿನದು ಅದಕ್ಕಿಂತ ಕಡಿಮೆಯೇನಿಲ್ಲ. ಅವನು ಗಾಳಿಗೆ ಕಿರೀಟ ತೆಗೆದದ್ದನ್ನು ನೀನು ಮಾನ ತೆಗೆದ ಅಂದೆ, ನಾನು ಪದ್ಧತಿ ಮುರಿದ ಅಂದೆ. ಕಣ್ಣಿಗೆ ಕತ್ತಲೆ ಕಟ್ಟಿತು ಅಂತ ಅವನು ಹೇಳಿದ್ದನ್ನು ಮಾತ್ರ ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮಂಗಳವಾರ ಅವನ ತಿಥಿ. ಊರೆಲ್ಲ ಸೇರುತ್ತದೆ. ನೀನು ಬೆಳಗಿನ ಮೊದಲ ಬಸ್ಸಿಗೆ ಮದ್ದೂರಿಗೆ ಬಾ, ಅಲ್ಲಿಂದ ಇಬ್ಬರೂ ರೈಲಿನಲ್ಲಿ ಹನಕೆರೆಗೆ ಹೋಗೋಣ. ಎಲೆ ಹಾಕುವುದಕ್ಕೆ ಮುಂಚೆ, ಕೂತವರೆಲ್ಲರ ಎದುರಿಗೆ, ಅವನು ಕುಡಿದಿರಲಿಲ್ಲ ಅಂತ ನೀನು ಹೇಳಬೇಕು. ತೂತು ಮುಚ್ಚಿದ್ದನ್ನು ಹೇಳಬೇಕು. ಬಿಚ್ಚಬೇಡ ಅಂತ ಆಣೆ ಹಾಕಿಸಿದ್ದನ್ನು ನಾನು ಹೇಳುತ್ತೇನೆ.

ಚಿಕ್ಕಬೋರಮ್ಮನ ಅಣ್ಣತಮ್ಮಂದಿರು ಆಗಲೇ ಬಂದು ಕೂತಿದ್ದಾರೆ. ನಿನ್ನೆ ನಾನು ಹೋಗುವವರೆಗೂ ನನ್ನನ್ನೇ ನೋಡುತ್ತಿದ್ದರು. ಕೇಳಿದ ಮೇಲೆ ನಮ್ಮನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ, ನಿನ್ನಿಂದ ಮುಚ್ಚಿಡುವುದಿಲ್ಲ. ನೀನು ಬರದಿದ್ದರೂ ನಾನು ಹೋಗಿ ಇಬ್ಬರದನ್ನೂ ಹೇಳುವವಳೇ.

ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇನೆ. ಇಬ್ಬರಿಗೂ ಟಿಕೀಟು ತೆಗೆದಿರುತ್ತೇನೆ, ಹೋಗುವುದಕ್ಕೆ ಮಾತ್ರ.

ಅಕ್ಕ
ಚೂಡಾಮಣಿ